ಔಷಧಿ, ಹೊಗೆ, ದೂಳು: ಹಾಸನ ಸೀಮೆಯಲ್ಲಿ ಕ್ಯಾನ್ಸರ್ ಅಪಾಯ ತಗ್ಗಿಸಿಕೊಳ್ಳುವ ಬಗೆ

‘ಇಷ್ಟೊಂದು ಔಷಧಿ ಹೊಡೆದ ಆಲೂಗಡ್ಡೆ ತಿಂದರೆ ಕ್ಯಾನ್ಸರ್ ಬರಲ್ವಾ?’ ಹಾಸನದ ಕಡೆಯವರು ಬೆಂಗಳೂರಿನ ನೆಂಟರ ಮನೆಗೆ ಹೋದರೆ ಒಂದಲ್ಲ ಒಂದು ಸಲ ಈ ಪ್ರಶ್ನೆ ಕೇಳಿಸಿಕೊಂಡಿರುತ್ತಾರೆ. ಪ್ರಶ್ನೆಯೇನೂ ತಪ್ಪಲ್ಲ. ಆದರೆ ಅದೇ ಆಲೂಗಡ್ಡೆ ಹೊಲದಲ್ಲಿ ಬೆನ್ನಿಗೆ ಕ್ಯಾನು ಹೊತ್ತು, ಬರಿಗಾಲಲ್ಲಿ, ಒದ್ದೆ ಲುಂಗಿಯಲ್ಲಿ ಇಪ್ಪತ್ತು ಮುಂಗಾರು ಔಷಧಿ ಹೊಡೆದವರ ಗತಿ ಏನು ಎಂದು ಕೇಳುವವರು ಕಡಿಮೆ. ಮಳೆ, ಬಿಸಿಲು, ಮಣ್ಣು, ತೊಳೆದ ನೀರು, ಹೆರೆದ ಸಿಪ್ಪೆ ಇಷ್ಟನ್ನೂ ದಾಟಿ ತಟ್ಟೆಗೆ ಬರುವ ಔಷಧಿಯ ಅಂಶ ಬಲು ಸಣ್ಣದು. ಡಬ್ಬಿ ಒಡೆದು ಕಲಸುವವರ ಕೈಗೆ ಬೀಳುವುದು ಅದರ ಗಟ್ಟಿ ರೂಪ. ಅದೂ ಒಂದು ದಿನವಲ್ಲ, ಪ್ರತಿ ಬೆಳೆಗೂ ಹತ್ತಾರು ಸಲ.

ಕ್ಯಾನ್ಸರಿನ ವಿಚಾರದಲ್ಲಿ ನಮ್ಮ ಭಯ ಹೀಗೆ ದೂರದ್ದರ ಮೇಲೆ ಬಿದ್ದು, ಹತ್ತಿರದ್ದು ಕಣ್ಣಿಗೆ ಬೀಳದೆ ಉಳಿಯುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಬಹುತೇಕ ಹಳ್ಳಿಗಳಲ್ಲಿ ನಿಂತು ನೋಡಿದರೆ ಕಾರ್ಖಾನೆಯ ಚಿಮಣಿ ಕಾಣುವುದಿಲ್ಲ. ಶೆಟ್ಟಿಹಳ್ಳಿಯ ಹಿನ್ನೀರಿನ ದಂಡೆಯಲ್ಲಿ ಗಾಳಿ ತಿಳಿಯಾಗಿಯೇ ಇರುತ್ತದೆ. ಹಾಗಾಗಿ ಪರಿಸರ ಮಾಲಿನ್ಯವೆಂದರೆ ಪಟ್ಟಣದವರ ಮಾತು ಎಂದುಕೊಂಡುಬಿಟ್ಟಿದ್ದೇವೆ. ಆದರೆ ಈ ಸೀಮೆಯಲ್ಲಿ ಆಲೂಗಡ್ಡೆ ಮತ್ತು ಶುಂಠಿಗೆ ಔಷಧಿ ಬೀಳುತ್ತದೆ, ಅರಕಲಗೂಡಿನ ಕಡೆ ತಂಬಾಕಿನ ಸೊಪ್ಪು ಬೇಯಿಸುವ ಬ್ಯಾರನ್ ಉರಿಯುತ್ತದೆ, ಹೊಳೆನರಸೀಪುರದ ಕಲ್ಲಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದೆ, ನುಗ್ಗೇಹಳ್ಳಿ ಸುತ್ತ ಕ್ರೋಮೈಟ್ ಗಣಿಗಳಾಗಿವೆ. ಇದೆಲ್ಲ ಇಲ್ಲದ ಮನೆಯಲ್ಲೂ ಬಚ್ಚಲೊಲೆ ಇದೆ.

ಇಂದು ತಾಗಿದ್ದು, ಇಪ್ಪತ್ತು ವರ್ಷಕ್ಕೆ

ಚಿಲಿ ದೇಶದ ಉತ್ತರದಲ್ಲಿ ಆಂಟೊಫಗಾಸ್ಟ ಎಂಬ ನಗರವಿದೆ. 1958ರಲ್ಲಿ ಅಲ್ಲಿಗೆ ಆಂಡೀಸ್ ಬೆಟ್ಟದ ಕಡೆಯಿಂದ ನದಿ ನೀರು ತಂದರು. ಆ ನೀರಿನಲ್ಲಿ ಲೀಟರಿಗೆ ಸುಮಾರು 860 ಮೈಕ್ರೋಗ್ರಾಂ ಆರ್ಸೆನಿಕ್ ಇತ್ತು. ನಮ್ಮ ಕುಡಿಯುವ ನೀರಿನ ಮಾನದಂಡದ ಪ್ರಕಾರ 10 ಮೀರಬಾರದು. 1970ರಲ್ಲಿ ಶುದ್ಧೀಕರಣ ಘಟಕ ಕಟ್ಟಿ ನೀರು ಸರಿ ಮಾಡಿದರು. ಅಲ್ಲಿಗೆ ಕಥೆ ಮುಗಿಯಲಿಲ್ಲ. ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಆಮೇಲೂ ಏರುತ್ತ ಹೋಗಿ 1980 ಮತ್ತು 90ರ ದಶಕಗಳಲ್ಲಿ ತುದಿ ಮುಟ್ಟಿತು. ಒಳ್ಳೆಯ ನೀರು ಕುಡಿಯತೊಡಗಿ ನಲವತ್ತು ವರ್ಷವಾದರೂ ಆ ಊರಿನಲ್ಲಿ ಈ ಕ್ಯಾನ್ಸರುಗಳು ಹೆಚ್ಚೇ ಇದ್ದವು.

ನಮ್ಮ ರಾಜ್ಯದಲ್ಲೂ ಆರ್ಸೆನಿಕ್ ತನ್ನ ಗುರುತು ಬಿಟ್ಟಿದೆ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಹಳೆಯ ಚಿನ್ನದ ಗಣಿ ಸೀಮೆಯಲ್ಲಿ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆಬಾವಿಗಳಲ್ಲಿ ಶೇ 79ರಷ್ಟರಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು. ತಪಾಸಣೆಗೆ ಬಂದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಅದರ ಲಕ್ಷಣಗಳಿದ್ದವು. ಆರ್ಸೆನಿಕ್ ತಾಗಿದವರ ಮೈಮೇಲೆ ಕಪ್ಪು ಬಿಳಿ ಮಚ್ಚೆ ಬೀಳುತ್ತದೆ, ಅಂಗೈ ಅಂಗಾಲು ಗಂಟುಗಂಟಾಗಿ ಒರಟಾಗುತ್ತದೆ. ವರ್ಷಗಳುರುಳಿದಂತೆ ಇಂಥ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟಬಹುದು. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ವ್ಯತ್ಯಾಸವಿಲ್ಲ. ಕುದಿಸಿದರೆ ಆರ್ಸೆನಿಕ್ ಹೋಗುವುದೂ ಇಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಈ ಎರಡು ಊರುಗಳನ್ನು ನೋಡಿದರೆ ಮುಖ್ಯ ಸಂಗತಿ ಗೊತ್ತಾಗುತ್ತದೆ. ಎಷ್ಟು ತಾಗಿತು, ಎಷ್ಟು ವರ್ಷ ತಾಗಿತು ಎಂಬುದರ ಮೇಲೆ ಅಪಾಯ ನಿಂತಿದೆ. ಒಂದು ದಿನ ಹೊಗೆ ಕುಡಿದದ್ದಕ್ಕೆ ಹೆದರಬೇಕಾಗಿಲ್ಲ. ದಿನವೂ ಕುಡಿಯುವ ಹೊಗೆಯನ್ನು ‘ಇಷ್ಟು ದಿನ ಏನೂ ಆಗಿಲ್ಲವಲ್ಲ’ ಎಂದು ಬಿಡುವಂತೆಯೂ ಇಲ್ಲ, ಏಕೆಂದರೆ ಲೆಕ್ಕ ತೀರುವುದು ಇಪ್ಪತ್ತು ಮೂವತ್ತು ವರ್ಷದ ಮೇಲೆ.

ಇನ್ನೊಂದು ಗೊಂದಲ ತಿಳಿಯಾಗಬೇಕು. ಫ್ರಾನ್ಸಿನ ಲಿಯಾನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. ಯಾವುದರಿಂದ ಕ್ಯಾನ್ಸರ್ ಬರುತ್ತದೆ ಎಂದು ಅದು ಪಟ್ಟಿ ಮಾಡುತ್ತದೆ. ಮೊದಲ ಗುಂಪಿನಲ್ಲಿ ತಂಬಾಕು, ಕಲ್ನಾರು, ಆರ್ಸೆನಿಕ್, ಡೀಸೆಲ್ ಹೊಗೆ, ಕಲ್ಲು ಕ್ವಾರಿಯ ಸಿಲಿಕಾ ದೂಳು, ಹೊರಗಿನ ಗಾಳಿಯ ಮಾಲಿನ್ಯ ಎಲ್ಲ ಇವೆ. ಸಂಸ್ಕರಿಸಿದ ಮಾಂಸವೂ ಇದೆ. ಒಂದೇ ಗುಂಪಿನಲ್ಲಿವೆ ಎಂದ ಮಾತ್ರಕ್ಕೆ ಎಲ್ಲದರ ಅಪಾಯ ಒಂದೇ ಸಮ ಅಂತಲ್ಲ. ಅವು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ ಎಂದಷ್ಟೇ ಅದರರ್ಥ. ವಾಟ್ಸ್‌ಆ್ಯಪಿನಲ್ಲಿ ಬರುವ ‘ಸಿಗರೇಟಿನಷ್ಟೇ ಅಪಾಯಕಾರಿ’ ಎಂಬ ಸಂದೇಶಗಳು ಈ ವ್ಯತ್ಯಾಸವನ್ನು ಮರೆಸುತ್ತವೆ.

ಔಷಧಿ ಹೊಡೆಯುವವರ ಮೈ

ಮೇ ತಿಂಗಳು ಬಂದರೆ ಜಲಂಧರ್ ಕಡೆಯ ಬಿತ್ತನೆ ಗಡ್ಡೆ ಲಾರಿಗಟ್ಟಲೆ ಹಾಸನದ ಎಪಿಎಂಸಿಗೆ ಬರುತ್ತದೆ. ಗಡ್ಡೆ ಕತ್ತರಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ಒಂದೊಂದು ಹೋಳಿನಲ್ಲೂ ಕಣ್ಣು ಉಳಿಯುವಂತೆ ಕೊಯ್ದು, ಕೊಳೆಯದಿರಲಿ ಎಂದು ಮ್ಯಾಂಕೋಜೆಬ್ ಪುಡಿಯಲ್ಲಿ ಹೊರಳಿಸುತ್ತಾರೆ, ಇಲ್ಲವೇ ಅದರ ನೀರಿನಲ್ಲಿ ಅದ್ದುತ್ತಾರೆ. ಕೈಗೆ ಗ್ಲೌಸು ಇರುವುದಿಲ್ಲ. ಹಳದಿ ಪುಡಿ ಉಗುರಿನ ಸಂದಿಯಲ್ಲಿ ಕೂತಿರುತ್ತದೆ. ಅದೇ ಬೆರಳು ಸುಣ್ಣ ತೀಡಿ ಎಲೆ ಮಡಿಸಿ ಬಾಯಿಗೆ ಇಡುತ್ತದೆ. ಔಷಧಿ ಹೊಡೆಯುವ ಗಂಡಸರಿಗೇ ಸುರಕ್ಷತೆಯ ಪಾಠ ಸಿಗುವುದು ಅಪರೂಪ. ಈ ಹೆಂಗಸರನ್ನಂತೂ ಯಾರೂ ಲೆಕ್ಕಕ್ಕೇ ಹಿಡಿದಿಲ್ಲ.

ಜೂನ್ ಕಳೆದು ಜಡಿಮಳೆ ಹಿಡಿದರೆ ಅಂಗಮಾರಿ ರೋಗದ ಕಾಟ. ಎರಡು ದಿನ ಮೋಡ ಮುಸುಕಿದರೆ ಹೊಲಕ್ಕೆ ಹೊಲವೇ ಕರಕಲಾಗುತ್ತದೆ. ಔಷಧಿ ಹೊಡೆಯದೆ ರೈತ ಏನು ಮಾಡಬೇಕು? ಹೊಡೆಯಬೇಡಿ ಎಂದು ಹೇಳುವುದು ಸುಲಭ, ಸಾಲ ತೀರಿಸುವವರು ಬೇರೆ. ಹಾಗಾಗಿ ಹೊಡೆಯುವಾಗ ಮೈಗೆ ತಾಗದಂತೆ ಹೇಗೆ ನೋಡಿಕೊಳ್ಳುವುದು ಎಂಬುದೇ ಇಲ್ಲಿ ಮುಖ್ಯ.

ಮ್ಯಾಂಕೋಜೆಬ್ ಕುಡಿದ ತಕ್ಷಣ ಪ್ರಾಣ ತೆಗೆಯುವಂಥ ವಿಷವಲ್ಲ. ಆದರೆ ಅದು ಒಡೆದಾಗ ಇಟಿಯು ಎಂಬ ವಸ್ತು ಹುಟ್ಟುತ್ತದೆ. ಪ್ರಯೋಗದ ಇಲಿಗಳಲ್ಲಿ ಅದು ಥೈರಾಯ್ಡ್ ಗಡ್ಡೆಗಳನ್ನು ತಂದಿದೆ. ಯುರೋಪಿಯನ್ ಒಕ್ಕೂಟ 2020ರ ಡಿಸೆಂಬರಿನಲ್ಲಿ ಮ್ಯಾಂಕೋಜೆಬ್‌ನ ಪರವಾನಗಿ ನವೀಕರಿಸಲಿಲ್ಲ. ಹುಟ್ಟುವ ಮಕ್ಕಳ ಮೇಲಿನ ಮತ್ತು ಹಾರ್ಮೋನುಗಳ ಮೇಲಿನ ದುಷ್ಪರಿಣಾಮ ಅದಕ್ಕೆ ಮುಖ್ಯ ಕಾರಣ. ಅದೇ 2020ರಲ್ಲಿ ನಮ್ಮ ಕೇಂದ್ರ ಸರ್ಕಾರ 27 ಕೀಟನಾಶಕಗಳ ನಿಷೇಧಕ್ಕೆ ಕರಡು ಹೊರಡಿಸಿದಾಗ ಅದರಲ್ಲಿ ಮ್ಯಾಂಕೋಜೆಬ್ ಹೆಸರೂ ಇತ್ತು. ಆಮೇಲಿನ ಅಂತಿಮ ನಿಷೇಧದ ಪಟ್ಟಿಯಲ್ಲಿ ಅದು ಇಲ್ಲ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ನಮ್ಮವರು ನಂಬುತ್ತಾರೆ. ಕೆಂಪು ಕಂಡರೆ ಹೆದರುತ್ತಾರೆ, ಹಳದಿಗೆ ಹುಷಾರಾಗುತ್ತಾರೆ, ನೀಲಿ ಹಸಿರಾದರೆ ‘ಇದೇನೂ ಮಾಡಲ್ಲ ಬಿಡಿ’ ಎನ್ನುತ್ತಾರೆ. ಆ ಬಣ್ಣ ಹೇಳುವುದು ಒಂದೇ ಸಲಕ್ಕೆ ಹೊಟ್ಟೆಗೋ ಮೈಗೋ ಹೋದರೆ ಎಷ್ಟು ಬೇಗ ಜೀವಕ್ಕೆ ಅಪಾಯ ಎಂಬುದನ್ನು. ಇಪ್ಪತ್ತು ವರ್ಷ ಸ್ವಲ್ಪ ಸ್ವಲ್ಪವಾಗಿ ತಾಗಿದರೆ ಏನಾಗುತ್ತದೆ ಎಂಬುದಕ್ಕೆ ಆ ತ್ರಿಕೋನದಲ್ಲಿ ಉತ್ತರವಿಲ್ಲ. ಹಸಿರು ತ್ರಿಕೋನದ ಡಬ್ಬಿಗೂ ಗ್ಲೌಸು ಬೇಕು ಎಂಬ ಒಂದು ಮಾತನ್ನು ಈ ಲೇಖನದಿಂದ ನೆನಪಿಟ್ಟುಕೊಂಡರೂ ಸಾಕು.

ರೈತರಲ್ಲಿ ಕ್ಯಾನ್ಸರ್ ನಿಜಕ್ಕೂ ಹೆಚ್ಚೇ? ಅಮೆರಿಕದ ಅಯೋವಾ ಮತ್ತು ಉತ್ತರ ಕೆರೊಲಿನಾ ರಾಜ್ಯಗಳಲ್ಲಿ ಔಷಧಿ ಹೊಡೆಯುವವರು ಮತ್ತು ಅವರ ಮನೆಯವರು ಸೇರಿ ಸುಮಾರು 89,000 ಜನರನ್ನು 1993ರಿಂದ ಗಮನಿಸುತ್ತ ಬಂದಿದ್ದಾರೆ. ಒಟ್ಟಾರೆ ನೋಡಿದರೆ ಅವರಲ್ಲಿ ಕ್ಯಾನ್ಸರ್ ಸಾಮಾನ್ಯ ಜನರಿಗಿಂತ ಕಡಿಮೆ, ಏಕೆಂದರೆ ಅವರು ಸಿಗರೇಟು ಸೇದುವುದು ಕಡಿಮೆ, ಮೈ ಬಗ್ಗಿಸಿ ದುಡಿಯುವುದು ಹೆಚ್ಚು. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ರಕ್ತಕ್ಕೆ ಸಂಬಂಧಿಸಿದ ಕೆಲವು ಕ್ಯಾನ್ಸರುಗಳು ಅವರಲ್ಲಿ ಹೆಚ್ಚು ಕಂಡಿವೆ. ಕೆಲವು ಔಷಧಿಗಳ ವಿಷಯದಲ್ಲಿ, ಹೆಚ್ಚು ವರ್ಷ ಬಳಸಿದವರಿಗೆ ಅಪಾಯವೂ ಹೆಚ್ಚು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಲಿಂಡೇನನ್ನು ಮೊದಲ ಗುಂಪಿಗೆ ಸೇರಿಸಿತು. ಮೆಲಾಥಿಯಾನ್, ಡಯಾಜಿನಾನ್, ಕಳೆ ಔಷಧಿಯಾದ ಗ್ಲೈಫೊಸೇಟ್‌ಗಳನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು ಗುರುತಿಸಿತು. ಗ್ಲೈಫೊಸೇಟ್ ಬಗ್ಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಭಿಪ್ರಾಯ ಬೇರೆ. ವಾದ ಮುಗಿಯುವವರೆಗೆ ನಾವು ಕಾಯಬೇಕಾಗಿಲ್ಲ. ಮೈಗೆ ತಾಗಿಸಿಕೊಳ್ಳದಿದ್ದರೆ ಯಾರು ಗೆದ್ದರೂ ನಮಗೆ ನಷ್ಟವಿಲ್ಲ.

ಹೆಚ್ಚಿನ ಅಪಾಯ ಇರುವುದು ಕಲಸುವ ಹೊತ್ತಿನಲ್ಲಿ. ಡ್ರಮ್ಮಿಗೆ ಔಷಧಿ ಸುರಿದು ಮೊಣಕೈವರೆಗೆ ಕೈ ಹಾಕಿ ತಿರುವುವವರನ್ನು ಈಗಲೂ ನೋಡಬಹುದು. ಒಂದು ಉದ್ದದ ಕೋಲು ಇದನ್ನು ತಪ್ಪಿಸುತ್ತದೆ. ಪುಡಿಯ ಪೊಟ್ಟಣ ಹರಿಯುವಾಗ ಗಾಳಿಗೆ ಬೆನ್ನು ಮಾಡಿ, ಮುಖ ದೂರವಿಟ್ಟು, ಮೂಗಿಗೆ ಮಾಸ್ಕ್ ಹಾಕಿಕೊಂಡು ಹರಿಯಿರಿ. ಟವೆಲು ಕಟ್ಟಿಕೊಂಡರೆ ಪುಡಿ ಒಂದಿಷ್ಟು ತಡೆಯಬಹುದು, ಆವಿ ತಡೆಯುವುದಿಲ್ಲ. ಒದ್ದೆಯಾದ ಟವೆಲು ಔಷಧಿಯನ್ನು ಮೂಗಿನ ಹತ್ತಿರವೇ ಹಿಡಿದಿಡುತ್ತದೆ. ಗ್ಲೌಸು ನೈಟ್ರೈಲ್‌ನದಾಗಿರಲಿ. ಬಟ್ಟೆಯದ್ದು, ಚರ್ಮದ್ದು ಔಷಧಿಯನ್ನು ಹೀರಿಕೊಂಡು ಇಡೀ ದಿನ ಕೈಗೆ ಒತ್ತಿಹಿಡಿಯುತ್ತದೆ, ಬರಿಗೈಗಿಂತ ಅದು ಕೆಡುಕು.

ಉಸಿರಿಗಿಂತ ಚರ್ಮದ ಮೂಲಕವೇ ಔಷಧಿ ಹೆಚ್ಚು ಒಳಹೋಗುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಎಲ್ಲ ಕಡೆಯ ಚರ್ಮವೂ ಒಂದೇ ಅಲ್ಲ. ಮುಂಗೈಗಿಂತ ಹಣೆ, ನೆತ್ತಿಯ ಚರ್ಮ ಹಲವು ಪಟ್ಟು ಹೀರುತ್ತದೆ, ತೊಡೆಸಂದು ಮತ್ತು ವೃಷಣದ ಭಾಗ ಅದಕ್ಕಿಂತಲೂ ಹೆಚ್ಚು. ಸೋರುವ ಕ್ಯಾನಿನಿಂದ ಬೆನ್ನಿಗೆ ಇಳಿದು, ಸೊಂಟ ದಾಟಿ, ಚಡ್ಡಿ ಒದ್ದೆಯಾಗಿಯೂ ‘ಇನ್ನೆರಡು ಕ್ಯಾನು ಮುಗಿಸಿಬಿಡೋಣ’ ಎಂದು ಹೊಡೆಯುವುದೇ ದೊಡ್ಡ ಅಪಾಯ. ಕ್ಯಾನಿನ ವಾಷರ್ ಬದಲಿಸುವ ಖರ್ಚು ಬಹಳ ಸಣ್ಣದು. ಗೊಬ್ಬರದ ಖಾಲಿ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ತೊಳೆದು ಬೆನ್ನಿಗೂ ಸೊಂಟಕ್ಕೂ ಬರುವಂತೆ ಕಟ್ಟಿಕೊಂಡರೂ ಆಗುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಕೋಟು ಹಾಕಿ ದುಡಿಯುವುದು ಆಗದ ಮಾತು, ಒಪ್ಪುತ್ತೇನೆ. ಆದರೆ ನಮ್ಮ ಮುಂಗಾರಿನ ಆಲೂಗಡ್ಡೆ ಬೆಳೆಯುವುದೇ ತಣ್ಣನೆಯ ಹವೆಯಲ್ಲಿ. ಮಳೆಗೆ ಹಾಕುವ ರೈನ್‌ಕೋಟು, ತಲೆಗೆ ಟೋಪಿ, ತುಂಬುತೋಳಿನ ಅಂಗಿ, ಪ್ಯಾಂಟು, ಗಂಬೂಟು ಈ ಹವೆಗೆ ಭಾರವಾಗುವುದಿಲ್ಲ.

ಗಾಳಿಗೆ ಅಡ್ಡಲಾಗಿ ನಡೆಯಿರಿ, ಔಷಧಿಯ ಮಂಜು ನಿಮ್ಮಿಂದ ದೂರ ಹೋಗುವಂತಿರಲಿ. ನಾಝಲ್ ಕಟ್ಟಿದರೆ ಬಾಯಿಯಿಂದ ಊದಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್ ಜೇಬಿನಲ್ಲಿರಲಿ. ಸೋಪು ಹಚ್ಚಿ ಕೈ ತೊಳೆಯುವವರೆಗೆ ಬೀಡಿ, ಎಲೆ ಅಡಿಕೆ, ಊಟ ಮುಟ್ಟಬೇಡಿ. ಮನೆಗೆ ಬಂದ ಕೂಡಲೇ ಸ್ನಾನ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬಾರದು. ಒಗೆಯುವವರು ಬರಿಗೈಯಲ್ಲಿ ಒಗೆದರೆ ಹೊಲದಲ್ಲಿ ಉಳಿಸಿದ್ದನ್ನು ಮನೆಯಲ್ಲಿ ಹೆಂಡತಿಯ ಮೈಗೆ ದಾಟಿಸಿದಂತಾಗುತ್ತದೆ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನೂ ಕ್ಯಾನಿಗೇ ಸುರಿಯಿರಿ, ಆಮೇಲೆ ತೂತು ಹೊಡೆಯಿರಿ. ಔಷಧಿ ಡಬ್ಬಿ ಸೀಮೆಎಣ್ಣೆಗೋ, ಶೌಚಾಲಯದ ಚೊಂಬಾಗಿಯೋ ಮನೆಯೊಳಗೆ ಉಳಿಯಬಾರದು.

ಅಟ್ಟದ ಮೇಲೆ ಹಳೆಯ ದಾಸ್ತಾನಿದ್ದರೆ ಹೆಸರು ಓದಿ ನೋಡಿ. ಡಯಾಜಿನಾನ್, ಮೀಥೈಲ್ ಪ್ಯಾರಾಥಿಯಾನ್, ಕಾರ್ಬರಿಲ್ ಸೇರಿ 12 ಔಷಧಿಗಳನ್ನು 2018ರಲ್ಲೇ ನಿಷೇಧಿಸಿದ್ದಾರೆ. ಶುಂಠಿಗೂ ಬಳಕೆಯಲ್ಲಿದ್ದ ಫೋರೇಟ್ ಹರಳು, ಡೈಕ್ಲೋರ್ವಾಸ್, ಟ್ರೈಅಜೊಫಾಸ್ 2020ರ ಡಿಸೆಂಬರ್ 31ರಿಂದ ನಿಷೇಧದಲ್ಲಿವೆ. ಅಂಗಡಿಯವರು ಹೇಳಿದ್ದನ್ನೇ ತರುವ ಬದಲು, ಎಷ್ಟು ಸಲ, ಯಾವಾಗ ಹೊಡೆಯಬೇಕೆಂದು ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ಕೇಳಿ. ಒಂದು ಸಿಂಪಡಣೆ ಕಡಿಮೆಯಾದರೆ ದುಡ್ಡೂ ಉಳಿಯಿತು, ಮೈಯೂ ಉಳಿಯಿತು.

ಅಕ್ಕಪಕ್ಕದವರನ್ನೂ ನೆನೆಯಬೇಕು. ಕಾಸರಗೋಡಿನ ಪಡ್ರೆ, ಎಣ್ಮಕಜೆ ಕಡೆಯ ಗೇರುತೋಟಗಳಿಗೆ 2000ದವರೆಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ, ಕಷ್ಟ ಅನುಭವಿಸಿದವರು ತೋಟದ ಸುತ್ತ ಮನೆ ಮಾಡಿಕೊಂಡಿದ್ದ ಜನ. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ದೇಶದಾದ್ಯಂತ ತಡೆಯಿತು. ನಿಮ್ಮ ಹೊಲದ ಬದುವಿನಾಚೆ ಮನೆಯೋ ಬಾವಿಯೋ ಅಂಗನವಾಡಿಯೋ ಇದ್ದರೆ, ಗಾಳಿ ಬೀಸುವ ಹೊತ್ತಿನಲ್ಲಿ ಹೊಡೆಯಬೇಡಿ, ಹೊಡೆಯುವ ಮುಂಚೆ ಒಂದು ಮಾತು ತಿಳಿಸಿ.

ಸೊಪ್ಪು, ಬ್ಯಾರನ್, ಬೀಡಿ

ಪರಿಸರದ ವಿಷಗಳ ಬಗ್ಗೆ ಬರೆಯುವಾಗ ತಂಬಾಕನ್ನು ಬದಿಗಿಡುವುದು ಪ್ರಾಮಾಣಿಕತೆಯಲ್ಲ. ದೇಶದ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 2020ರ ವರದಿಯ ಪ್ರಕಾರ ಒಟ್ಟು ಕ್ಯಾನ್ಸರಿನಲ್ಲಿ ಶೇ 27.1ರಷ್ಟು ತಂಬಾಕಿಗೆ ಸಂಬಂಧಿಸಿದ್ದು. ಮೇಲೆ ಹೇಳಿದ ಯಾವ ಔಷಧಿಯೂ ಇದರ ಹತ್ತಿರಕ್ಕೆ ಬರುವುದಿಲ್ಲ. ಔಷಧಿಗೆ ಹೆದರುತ್ತ ಕಡ್ಡಿಪುಡಿ ಜಗಿಯುವವರು ಮೊದಲು ಬಿಡಬೇಕಾದ್ದು ಕಡ್ಡಿಪುಡಿಯನ್ನು. ತಂಬಾಕು ಸೇರದ ಅಡಿಕೆಯೂ ಮೊದಲ ಗುಂಪಿನಲ್ಲೇ ಇದೆ ಎಂಬುದನ್ನು, ಎಲೆ ಅಡಿಕೆ ನಮ್ಮ ಮದುವೆ ಮುಂಜಿಗಳಲ್ಲಿ ಬೆರೆತಿದ್ದರೂ, ಹೇಳದೆ ವಿಧಿಯಿಲ್ಲ. ಬಿಟ್ಟರೆ ಫಲ ಉಂಟು: ಬ್ರಿಟನ್ನಿನ ವೈದ್ಯರನ್ನೇ ಐವತ್ತು ವರ್ಷ ಗಮನಿಸಿದ ಅಧ್ಯಯನದಲ್ಲಿ, ಐವತ್ತನೆಯ ವಯಸ್ಸಿಗೆ ಸಿಗರೇಟು ಬಿಟ್ಟವರ ಅಪಾಯ ಅರ್ಧಕ್ಕಿಳಿದಿತ್ತು, ಮೂವತ್ತಕ್ಕೆ ಬಿಟ್ಟವರದ್ದು ಬಹುಪಾಲು ತಪ್ಪಿಹೋಗಿತ್ತು.

ರಾಮನಾಥಪುರದ ಹರಾಜು ಮಾರುಕಟ್ಟೆಗೆ ತಂಬಾಕಿನ ಸೊಪ್ಪು ಒಯ್ಯುವ ಅರಕಲಗೂಡಿನ ಬೆಳೆಗಾರರ ಮಾತು ಬೇರೆ. ಮಂಜಿನಲ್ಲಿ ಒದ್ದೆಯಾದ ಹಸಿ ಸೊಪ್ಪು ಮುರಿಯುವಾಗ ನಿಕೋಟಿನ್ ಚರ್ಮದಿಂದ ಒಳಗೆ ಇಳಿದು ತಲೆಸುತ್ತು, ವಾಂತಿ ಬರುತ್ತದೆ. ಅದು ಕ್ಯಾನ್ಸರ್ ಅಲ್ಲ, ಆದರೆ ಕೈಗೆ ಗ್ಲೌಸು, ಎದೆಗೆ ಪ್ಲಾಸ್ಟಿಕ್ ಬೇಕು ಎನ್ನುವುದಕ್ಕೆ ಸಾಕ್ಷಿ. ಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ನಿಗೆ ಹಗಲೂ ರಾತ್ರಿ ಸೌದೆ ಒಡ್ಡುತ್ತ ಕೂರುವವರು ಉಸಿರಾಡುವ ಹೊಗೆ ದೀರ್ಘಕಾಲದ ಅಪಾಯ. ಉರಿಬಾಯಿಯ ಎದುರೇ ಮಲಗಬೇಡಿ. ಹಸಿ ಸೌದೆ ಬೇಡ. ಹೊಗೆಕೊಳವೆಯಲ್ಲಿ ಬಿರುಕಿದ್ದರೆ ಬೆಂಕಿ ಹಾಕುವ ಮುಂಚೆಯೇ ಮುಚ್ಚಿಸಿ. ಬೇಯಿಸಿದ ಸೊಪ್ಪನ್ನು ಮಲಗುವ ಕೋಣೆಯಲ್ಲಿ ರಾಶಿ ಹಾಕಿ ಗ್ರೇಡ್ ಮಾಡುವುದನ್ನು ಬಿಟ್ಟು ಜಗಲಿಗೆ ತನ್ನಿ.

ಬಚ್ಚಲೊಲೆಯ ಹೊಗೆ

ಉಜ್ವಲ ಯೋಜನೆ 2016ರ ಮೇ 1ರಂದು ಶುರುವಾದ ಮೇಲೆ ಅಡುಗೆಮನೆಗಳಿಗೆ ಗ್ಯಾಸ್ ಬಂತು. ಬಚ್ಚಲಿನ ಹಂಡೆಗೆ ಬರಲಿಲ್ಲ. ಸೌದೆ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದಿದೆ. ಜೀವಮಾನದಲ್ಲಿ ಬೀಡಿ ಮುಟ್ಟದ ಹೆಂಗಸರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುವುದರ ಹಿಂದಿನ ಕಾರಣಗಳಲ್ಲಿ ಮನೆಯೊಳಗಿನ ಹೊಗೆಯೂ ಒಂದು. ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ಹಿರಿಯರಿಗೆ ಗೊತ್ತು. ಹೊಗೆ ಕೊಳವೆಯಲ್ಲಿ ಹೊರಹೋಗುತ್ತಿತ್ತು, ಸೌದೆಯೂ ಉಳಿಯುತ್ತಿತ್ತು. ಹಂಡೆ ಒಲೆಗೂ ಅಂಥದೇ ಕೊಳವೆ ಬೇಕು, ಅದರ ತುದಿ ಸೂರಿಗಿಂತ ಎತ್ತರಕ್ಕಿರಬೇಕು, ವರ್ಷಕ್ಕೆರಡು ಸಲ ಮಸಿ ತೆಗೆಯಬೇಕು. ಸೋಲಾರ್ ಹಾಕಿಸುವ ಶಕ್ತಿಯಿದ್ದರೆ ಇನ್ನೂ ಒಳ್ಳೆಯದು.

ಸೌದೆಗಿಂತ ಕೆಟ್ಟದ್ದು, ಒಲೆ ಹೊತ್ತಿಸಲು ಬಳಸುವ ವಸ್ತುಗಳು. ಮಳೆಗಾಲದಲ್ಲಿ ಸೌದೆ ಹತ್ತದಿದ್ದಾಗ ಹಾಲಿನ ಕವರು, ಸೈಕಲ್ ಟ್ಯೂಬಿನ ಚೂರು, ಹರಿದ ಚಪ್ಪಲಿ ಒಲೆಗೆ ಹೋಗುತ್ತವೆ. ಪಿವಿಸಿಯಂಥ ಪ್ಲಾಸ್ಟಿಕ್ ಉರಿದಾಗ ಡಯಾಕ್ಸಿನ್ ಹುಟ್ಟುತ್ತದೆ. ಡಯಾಕ್ಸಿನ್‌ಗಳ ಪೈಕಿ ಅತಿ ವಿಷಕಾರಿಯಾದದ್ದು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿದೆ, ಮನುಷ್ಯರ ಮೈಯಲ್ಲಿ ಅರ್ಧದಷ್ಟು ಕರಗಲು ಏಳರಿಂದ ಹನ್ನೊಂದು ವರ್ಷ ಬೇಕು. ಆ ಬೂದಿಯನ್ನು ಸೊಪ್ಪಿನ ಮಡಿಗೆ ಹಾಕುತ್ತೇವೆ. ಹಸು ಮೇಯುವ ಹುಲ್ಲಿನ ಮೇಲೆ ಹೊಗೆ ಕೂತರೆ ಹಾಲಿನ ಕೊಬ್ಬಿಗೂ ಬರುತ್ತದೆ. ತೆಂಗಿನ ಗರಿ, ನಾರು, ಕಾಯಿಮಟ್ಟೆ ನಮ್ಮಲ್ಲಿ ಬೇಕಾದಷ್ಟಿವೆ. ಮಳೆಗೆ ಮುಂಚೆ ಒಂದು ಚೀಲ ಒಣಗಿಸಿ ಅಟ್ಟಕ್ಕೆ ಹಾಕಿಟ್ಟರೆ ಕವರಿನ ಹಂಗಿಲ್ಲ. ರಸ್ತೆಬದಿಯಲ್ಲಿ ಕಸ ಸುಡುವುದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ 5,000 ರೂಪಾಯಿ ದಂಡ ನಿಗದಿ ಮಾಡಿದೆ. ನಿಮ್ಮ ಪಂಚಾಯಿತಿಯೇ ಕಸಕ್ಕೆ ಬೆಂಕಿ ಹಚ್ಚುತ್ತಿದ್ದರೆ ಗ್ರಾಮಸಭೆಯಲ್ಲಿ ಈ ಮಾತು ಎತ್ತಿ.

ತಲೆ ಮೇಲಿನ ಶೀಟು

ರಾಜಸ್ಥಾನ ಬಿಟ್ಟರೆ ದೇಶದಲ್ಲಿ ಕಲ್ನಾರಿನ ನಿಕ್ಷೇಪ ಹೆಚ್ಚಿರುವುದು ಕರ್ನಾಟಕದಲ್ಲಿ. ಹೊಳೆನರಸೀಪುರದ ಶಿಲಾಪಟ್ಟಿಗೆ ಅದರಲ್ಲಿ ಪಾಲಿದೆ. ಕಲ್ನಾರು ಅಗೆಯಲು ಹೊಸ ಗುತ್ತಿಗೆ ಕೊಡುವುದನ್ನು ಸರ್ಕಾರ 1986ರಲ್ಲೇ ನಿಲ್ಲಿಸಿತು. ಆದರೆ ಹೊರದೇಶದಿಂದ ತರಿಸಿದ ಕಲ್ನಾರಿನಲ್ಲಿ ಮಾಡಿದ ಸಿಮೆಂಟ್ ಶೀಟು ಈಗಲೂ ಮನೆ, ಕೊಟ್ಟಿಗೆ, ಶೆಡ್ಡುಗಳ ಮೇಲಿದೆ. ಎಲ್ಲ ಬಗೆಯ ಕಲ್ನಾರೂ ಶ್ವಾಸಕೋಶದ ಕ್ಯಾನ್ಸರನ್ನೂ ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರನ್ನೂ ತರಬಲ್ಲದು. 60ಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ.

ಗಾಬರಿಬಿದ್ದು ಶೀಟು ಕಿತ್ತೆಸೆಯಬೇಡಿ. ಗಟ್ಟಿಯಾಗಿ ಕೂತ ಶೀಟಿನಲ್ಲಿ ಎಳೆಗಳು ಸಿಮೆಂಟಿನಲ್ಲಿ ಹುದುಗಿರುತ್ತವೆ. ಕತ್ತರಿಸಿದಾಗ, ತೂತು ಕೊರೆದಾಗ, ಒಡೆದಾಗ, ಪಾಚಿ ತೆಗೆಯಲೆಂದು ಒಣಗಿದ್ದಾಗ ಗುಡಿಸಿ ಉಜ್ಜಿದಾಗ ಕಣ್ಣಿಗೆ ಕಾಣದ ಎಳೆ ಗಾಳಿಗೆ ಸೇರುತ್ತದೆ. ಹಾಗಾಗಿ ಇದು ಮನೆಯವರಿಗಿಂತ ಮಿಷನ್ನಿನಲ್ಲಿ ಶೀಟು ಕೊಯ್ಯುವ ಹುಡುಗರ ಅಪಾಯ. ಕೊಯ್ಯಲೇಬೇಕಾದರೆ ಚೆನ್ನಾಗಿ ನೆನೆಸಿ, ಕೈಗರಗಸದಲ್ಲಿ ಕೊಯ್ಯಿಸಿ. ಒಡೆದ ಚೂರುಗಳನ್ನು ಕೆಸರು ದಾರಿಗೆ ಹಾಕಿ ಗಾಡಿ ಹತ್ತಿಸುವುದನ್ನು ಬಿಡಬೇಕು. ಒದ್ದೆ ಮಾಡಿ ಚೀಲಕ್ಕೆ ಕಟ್ಟಿ ಯಾರೂ ಅಗೆಯದ ಜಾಗದಲ್ಲಿ ಆಳಕ್ಕೆ ಹೂಳಿ. ಹೊಸದಾಗಿ ಹೊದಿಸುವವರು ತಗಡು ಅಥವಾ ಹೆಂಚು ಆರಿಸಿಕೊಳ್ಳಿ.

ಅಮೆರಿಕ, ಕೆನಡಾದ ಕಲ್ನಾರು ಕಾರ್ಮಿಕರ ಮೇಲೆ 1979ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೆಸರುವಾಸಿ. ಕಲ್ನಾರಿನ ಕೆಲಸ, ಸಿಗರೇಟು ಎರಡೂ ಇಲ್ಲದವರಿಗೆ ಹೋಲಿಸಿದರೆ, ಕಲ್ನಾರಿನಲ್ಲಿ ದುಡಿದು ಸಿಗರೇಟು ಸೇದದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಸಾವು ಸುಮಾರು 5 ಪಟ್ಟು, ಬರೀ ಸಿಗರೇಟಿನವರಿಗೆ 11 ಪಟ್ಟು, ಎರಡೂ ಇದ್ದವರಿಗೆ 50 ಪಟ್ಟಿಗೂ ಹೆಚ್ಚು. ಶೀಟು, ಕಲ್ಲು ಕ್ವಾರಿ, ಬ್ಯಾರನ್ನುಗಳಲ್ಲಿ ದುಡಿಯುವವರು ಬೀಡಿ ಬಿಡಲೇಬೇಕು ಎನ್ನಲು ಇದಕ್ಕಿಂತ ಬೇರೆ ಕಾರಣ ಬೇಡ.

ಬಾವಿ ನೀರಿಗೆ ಕೇಳಬೇಕಾದ ಪರೀಕ್ಷೆ

ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರ, ಜಂಬೂರು, ತಗಡೂರು ಕಡೆಯ ಕಲ್ಲಿನಲ್ಲಿ ಕ್ರೋಮಿಯಂ ಇದೆ. ಕಲ್ಲಿನೊಳಗಿನ ರೂಪದಲ್ಲಿ ಅದು ಅಷ್ಟು ಅಪಾಯವಲ್ಲ. ಗಾಳಿ ನೀರು ತಾಗಿ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ರೂಪ ತಾಳಿದಾಗ ವಿಷ. ಅದರ ದೂಳು ಉಸಿರಿಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಹಳೆಯ ಗಣಿ ಹತ್ತಿರ ಸ್ವಂತ ಕೊಳವೆಬಾವಿ ಇರುವವರು ನೀರು ಪರೀಕ್ಷೆಗೆ ಕೊಡುವಾಗ ಕ್ರೋಮಿಯಂ, ಆರ್ಸೆನಿಕ್ ಎಂದು ಹೆಸರಿಟ್ಟು ಕೇಳಬೇಕು. ಪಂಚಾಯಿತಿಯ ಕಿಟ್ಟಿನಲ್ಲಿ ಗಡಸುತನ, ಫ್ಲೋರೈಡ್, ನೈಟ್ರೇಟ್‌ನಂಥವು ತಿಳಿಯುತ್ತವೆ, ಲೋಹಗಳಿಗೆ ಜಿಲ್ಲಾ ಪ್ರಯೋಗಾಲಯವೇ ಬೇಕು. ಬೇಸಿಗೆಯ ಕೊನೆಯಲ್ಲಿ ಒಮ್ಮೆ, ಮಳೆಯ ನಂತರ ಒಮ್ಮೆ ಕೊಡಿ.

ವೈದ್ಯರಿಗೆ ಹೇಳಬೇಕಾದ್ದು

ನಮ್ಮ ಕಡೆಯವರು ಆಸ್ಪತ್ರೆಯಲ್ಲಿ ಕೆಲಸ ಏನು ಎಂದು ಕೇಳಿದರೆ ‘ವ್ಯವಸಾಯ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಎಷ್ಟು ವರ್ಷ ಔಷಧಿ ಹೊಡೆದಿರಿ, ಯಾವ ಔಷಧಿ, ಬ್ಯಾರನ್ ಎಷ್ಟು ವರ್ಷ, ಗಣಿಯಲ್ಲೋ ಕ್ವಾರಿಯಲ್ಲೋ ದುಡಿದಿದ್ದಿರಾ, ಸೌದೆ ಒಲೆ ಎಷ್ಟು ವರ್ಷ ಇವನ್ನು ಒಂದು ಹಾಳೆಯಲ್ಲಿ ಬರೆದು ಆರೋಗ್ಯ ಚೀಟಿಯ ಜೊತೆ ಇಟ್ಟುಕೊಳ್ಳಿ. ಮೂರು ವಾರ ದಾಟಿದ ಕೆಮ್ಮು, ಕಫದಲ್ಲಿ ಅಥವಾ ಮೂತ್ರದಲ್ಲಿ ರಕ್ತ, ಬಾಯಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯಲ್ಲೋ ಸ್ತನದಲ್ಲೋ ಗಂಟು, ಕಾರಣವಿಲ್ಲದೆ ಇಳಿಯುವ ತೂಕ ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಹತ್ತಿರವೇ ಇದೆ, ಅಲ್ಲಿಂದ ಮುಂದಕ್ಕೆ ಬೆಂಗಳೂರಿನ ಕಿದ್ವಾಯಿ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ.

ಲಕ್ಷಣವೇ ಇಲ್ಲದವರೂ ಹೋಗಬೇಕು. ಮೂವತ್ತು ದಾಟಿದವರಿಗೆ ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಉಚಿತ. ಅದಕ್ಕೂ ಮುಂಚೆ ಆಶಾ ಕಾರ್ಯಕರ್ತೆ ಮನೆಗೆ ಬಂದು ಒಂದು ನಮೂನೆ ತುಂಬಿಸುತ್ತಾರೆ. ತಂಬಾಕಿನ ಜೊತೆಗೆ, ಅಡುಗೆಗೆ ಯಾವ ಉರುವಲು, ಕಸ ಸುಡುತ್ತೀರಾ, ಹೊಗೆ ದೂಳಿನ ಕೆಲಸವಿದೆಯಾ ಎಂಬ ಪ್ರಶ್ನೆಗಳೂ ಅದರಲ್ಲಿವೆ. ಸಂಕೋಚಪಡದೆ ಇದ್ದದ್ದು ಇದ್ದಂತೆ ಹೇಳಿ. ಔಷಧಿ ಹೊಡೆದ ವರ್ಷಗಳನ್ನು ಆ ನಮೂನೆ ಕೇಳುವುದಿಲ್ಲ, ಅದನ್ನು ನೀವೇ ಸೇರಿಸಿ ಬರೆಸಿ.